ಹಳೆಯ ಪಿಕಪ್‌ಗೆ ಹೊಸ ಮರದ ನೆಲ: ಹಲಗೆಗೆ ಜಾಗ ಬಿಟ್ಟು ಕೂರಿಸಿ

ಹಳೆಯ ಶೆವ್ರೊಲೆಯನ್ನೋ ಫೋರ್ಡನ್ನೋ ಆಸೆಪಟ್ಟು ಕೊಳ್ಳುವವರು ಎಂಜಿನ್ ಸದ್ದು ಕೇಳುತ್ತಾರೆ, ಬ್ರೇಕು ಒತ್ತಿ ನೋಡುತ್ತಾರೆ, ಬಾಗಿಲ ಕೆಳಗೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡುತ್ತಾರೆ. ಹಿಂದಿನ ತೊಟ್ಟಿಯಲ್ಲಿ ಹಾಸಿದ ರಬ್ಬರ್ ಮ್ಯಾಟನ್ನು ಎತ್ತಿ ನೋಡುವವರು ಕಡಿಮೆ. ಗಾಡಿ ಮನೆಗೆ ಬಂದ ಮೇಲೆ ಎತ್ತಿದಾಗ ಕೆಳಗೆ ಕಪ್ಪಿಟ್ಟ ಹಲಗೆಗಳು. ಟೇಲ್‌ಗೇಟ್ ಪಕ್ಕದ ತುದಿಗೆ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತದೆ. ಅಮೆರಿಕದಲ್ಲಿ ನೆಲೆಸಿ, ವಾರಾಂತ್ಯಕ್ಕೊಂದು ಕೈಕೆಲಸವಿರಲಿ ಎಂದು ಇಂಥ ಗಾಡಿ ಕೊಂಡ ಕನ್ನಡಿಗರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಈ ನೆಲವನ್ನು ನಾವೇ ಬದಲಾಯಿಸಬಹುದೇ?

ಬದಲಾಯಿಸಬಹುದು. ಬೆಸುಗೆ ಗೊತ್ತಿರಬೇಕಿಲ್ಲ, ದೊಡ್ಡ ಯಂತ್ರಗಳೂ ಬೇಡ. ಅಳತೆಗೆ ಕತ್ತರಿಸಿದ ಹಲಗೆ, ಪಟ್ಟಿ, ಬೋಲ್ಟುಗಳನ್ನು ಒಟ್ಟಿಗೆ ಕಟ್ಟಿ ಮಾರುವ ಅಂಗಡಿಗಳು ಅಲ್ಲಿ ಬೇಕಾದಷ್ಟಿವೆ. ತೊಂದರೆ ಬರುವುದು ಆಮೇಲೆ. ಕೂರಿಸಿದಾಗ ಕನ್ನಡಿಯಂತೆ ಹೊಳೆಯುತ್ತಿದ್ದ ನೆಲ ಕೆಲವೇ ಮಳೆಗಾಲಗಳಲ್ಲಿ ಡೊಂಕಾಗುತ್ತದೆ, ಉಕ್ಕಿನ ಪಟ್ಟಿ ಎದ್ದು ನಿಲ್ಲುತ್ತದೆ, ವಾರ್ನಿಷ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮರ ಕೆಟ್ಟದ್ದಿತ್ತು ಎಂದು ಅಂಗಡಿಯವರನ್ನು ಬೈಯುತ್ತೇವೆ. ಬಹಳ ಸಲ ಮರದ್ದು ತಪ್ಪೇ ಇರುವುದಿಲ್ಲ. ಅದನ್ನು ಅಲುಗಾಡದಂತೆ ಕಟ್ಟಿಹಾಕಿದ್ದು ತಪ್ಪು.

ಈ ಲೇಖನಕ್ಕೆ ಮಾದರಿಯಾಗಿ 1947ರಲ್ಲಿ ಬಂದ ಶೆವ್ರೊಲೆಯ ಅಡ್ವಾನ್ಸ್ ಡಿಸೈನ್ ಸಾಲಿನ 3100 ಪಿಕಪ್ಪನ್ನು ಇಟ್ಟುಕೊಂಡಿದ್ದೇನೆ. 78 ಇಂಚು ಉದ್ದ, 50 ಇಂಚು ಅಗಲದ ತೊಟ್ಟಿ ಅದರದ್ದು. 1953ರಿಂದ 56ರವರೆಗಿನ ಫೋರ್ಡ್ ಎಫ್-100 ಗಾಡಿಗಳಲ್ಲೂ ಮರದ ನೆಲವೇ. ಶೆವ್ರೊಲೆಯ ಸ್ಟೆಪ್‌ಸೈಡ್ ಮಾದರಿಗಳಲ್ಲಂತೂ ಮರ 1987ರವರೆಗೂ ಉಳಿದುಕೊಂಡಿತ್ತು. ಬೋಲ್ಟಿನ ಜಾಗ, ಹಲಗೆಯ ಸಂಖ್ಯೆ ಮಾದರಿಯಿಂದ ಮಾದರಿಗೆ, ಒಮ್ಮೊಮ್ಮೆ ಒಂದೇ ಮಾದರಿಯಲ್ಲಿ ವರ್ಷದಿಂದ ವರ್ಷಕ್ಕೂ ಬದಲಾಗುತ್ತವೆ. ಕೆಲಸದ ತತ್ವ ಮಾತ್ರ ಒಂದೇ.

ಈ ನೆಲ ಹೇಗೆ ನಿಂತಿದೆ?

ಚಾಸಿಯ ಮೇಲೆ ಅಡ್ಡಲಾಗಿ ಉಕ್ಕಿನ ಅಡ್ಡತೊಲೆಗಳು. ಅವುಗಳ ಮೇಲೆ ಉದ್ದುದ್ದ ಹಲಗೆಗಳು. ಎರಡು ಹಲಗೆಗಳ ನಡುವೆ ಕಿರಿದಾದ ಸಂದು. ಆ ಸಂದನ್ನು ಮೇಲಿನಿಂದ ಮುಚ್ಚುವ ಉಕ್ಕಿನ ಪಟ್ಟಿ. ಪಟ್ಟಿಯ ಚೌಕ ತೂತಿನಿಂದ ಇಳಿದ ಕ್ಯಾರೇಜ್ ಬೋಲ್ಟ್ ಸಂದಿನ ಮೂಲಕ ಹಾದು ಅಡ್ಡತೊಲೆಗೆ ಬಿಗಿಯುತ್ತದೆ. ಹಲಗೆಯ ಅಂಚಿನ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಕಚ್ಚು ತೆಗೆದಿರುತ್ತಾರೆ. ಪಟ್ಟಿ ಕೂರುವುದು ಅದರಲ್ಲಿ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಪಟ್ಟಿಯ ಬೋಲ್ಟುಗಳಲ್ಲಿ ಒಂದೂ ಹಲಗೆಯನ್ನು ತೂರಿ ಹೋಗುವುದಿಲ್ಲ. ಪಟ್ಟಿ ಹಲಗೆಯ ಅಂಚನ್ನು ಮೇಲಿನಿಂದ ಅದುಮಿ ಹಿಡಿದಿರುತ್ತದೆ, ಅಷ್ಟೆ. ಹಲಗೆ ಮೇಲೇಳುವಂತಿಲ್ಲ, ಆದರೆ ಅಡ್ಡಕ್ಕೆ ಹಿಗ್ಗಬಹುದು, ಕುಗ್ಗಬಹುದು. ಇದನ್ನು ವಿನ್ಯಾಸ ಮಾಡಿದವರಿಗೆ ಮರದ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಆ ಸ್ವಭಾವ ಏನೆಂದರೆ, ತೇವ ಕುಡಿದ ಮರ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಗಲಕ್ಕೆ ಬೆಳೆಯುತ್ತದೆ. ಮಲೆನಾಡಿನ ಮನೆಗಳಲ್ಲಿ ಆಷಾಢದ ಹೊತ್ತಿಗೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ಶಿವರಾತ್ರಿಯ ಹೊತ್ತಿಗೆ ಮತ್ತೆ ಸಲೀಸಾಗುವುದೂ ಇದರಿಂದಲೇ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಅಡ್ಡಕೊಯ್ತದ ಕೆಂಪು ಓಕ್ ಹಲಗೆಯ ತೇವಾಂಶ ಶೇಕಡಾ 1ರಷ್ಟು ಏರಿದರೆ, ಪ್ರತಿ ಇಂಚು ಅಗಲಕ್ಕೆ ಸುಮಾರು 0.0037 ಇಂಚು ಹಿಗ್ಗುತ್ತದೆ. 7 ಇಂಚಿನ ಹಲಗೆಯಲ್ಲಿ ತೇವಾಂಶ ಶೇಕಡಾ 8ರಿಂದ 12ಕ್ಕೆ ಏರಿತೆನ್ನಿ. ಹಲಗೆ ಸುಮಾರು 0.1 ಇಂಚು, ಅಂದರೆ ಎರಡೂವರೆ ಮಿಲಿಮೀಟರ್ ಅಗಲವಾಗುತ್ತದೆ. ಒಂದು ಹಲಗೆಗೆ ಇದು ದೊಡ್ಡದಲ್ಲ. ಆದರೆ 50 ಇಂಚಿನ ಪೂರ್ತಿ ನೆಲಕ್ಕೆ ಕೂಡಿಸಿದರೆ ಮುಕ್ಕಾಲು ಇಂಚಿನ ಹತ್ತಿರ ಬರುತ್ತದೆ! ಹಲಗೆಗಳನ್ನು ಅಂಟು ಹಾಕಿ ಒಂದೇ ತುಂಡು ಮಾಡಿದರೆ ಆ ಮುಕ್ಕಾಲು ಇಂಚು ಎಲ್ಲಿಗೆ ಹೋಗಬೇಕು? ಪಕ್ಕದ ತಗಡನ್ನು ಹೊರಕ್ಕೆ ನೂಕುತ್ತದೆ, ಇಲ್ಲವೇ ತಾನೇ ಮೇಲಕ್ಕೆ ಉಬ್ಬುತ್ತದೆ. ಪ್ರತಿ ಹಲಗೆಗೂ ಅದರದೇ ಸಂದು ಕೊಟ್ಟರೆ ಎಲ್ಲವೂ ಪಟ್ಟಿಯ ಕೆಳಗೆ, ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತದೆ.

ಇದಿಷ್ಟು ಮನಸ್ಸಿನಲ್ಲಿದ್ದರೆ ಮುಂದಿನ ಪ್ರತಿ ಹೆಜ್ಜೆಯ ಕಾರಣವೂ ತಾನಾಗಿ ತಿಳಿಯುತ್ತದೆ.

ಯಾವ ಮರ?

ಮೊದಲು ನಿಮಗೆ ನೀವೇ ಕೇಳಿಕೊಳ್ಳಿ: ಗಾಡಿ ಸಾಮಾನು ಹೊರುತ್ತದೆಯೋ, ಪ್ರದರ್ಶನಕ್ಕೆ ಹೋಗುತ್ತದೆಯೋ? ಬಿಸಿಲು ಮಳೆಯಲ್ಲಿ ನಿಲ್ಲುತ್ತದೆಯೋ, ಗ್ಯಾರೇಜಿನೊಳಗೋ?

ಹಳದಿ ಪೈನ್: ಅಮೆರಿಕದ ದಕ್ಷಿಣ ರಾಜ್ಯಗಳ ಮರ. ಆ ಕಾಲದ ಶೆವ್ರೊಲೆ ಕಾರ್ಖಾನೆಯಿಂದ ಬಂದದ್ದು ಇದೇ ಮರದ ನೆಲದೊಂದಿಗೆ. ಅಗ್ಗ, ಹಗುರ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಈಗ ಪ್ರದರ್ಶನಗಳಲ್ಲಿ ಕಾಣುವ ಮಿರಮಿರ ಮಿಂಚುವ ಓಕ್ ನೆಲ ಆಗ ಯಾವ ರೈತನ ಗಾಡಿಯಲ್ಲೂ ಇರಲಿಲ್ಲ. ಗೊಬ್ಬರ, ಬೇಲಿಗೂಟ, ಹುಲ್ಲಿನ ಹೊರೆ ಹೊರಲು ಮಾಡಿದ ನೆಲ ಅದು. ದಿನಬಳಕೆಯ ಗಾಡಿಗೆ ಬಣ್ಣ ಬಳಿದ ಪೈನ್‌ಗಿಂತ ಒಳ್ಳೆಯ ಆಯ್ಕೆ ಇಲ್ಲವೆಂಬುದು ನನ್ನ ಅಭಿಪ್ರಾಯ.

ಬಿಳಿ ಓಕ್: ಮರವನ್ನು ಹಾಗೇ ಕಾಣಿಸಬೇಕು ಎನ್ನುವವರಿಗೆ ಇದು. ಇದರ ಒಳಗಿನ ಸೂಕ್ಷ್ಮ ಕೊಳವೆಗಳು ತಾವಾಗಿಯೇ ಮುಚ್ಚಿಕೊಂಡಿರುತ್ತವೆ. ಹಾಗಾಗಿ ನೀರು ಸುಲಭವಾಗಿ ಒಳಗೆ ಇಳಿಯದು. ಮದ್ಯದ ಪೀಪಾಯಿಗಳನ್ನು ಇದರಲ್ಲೇ ಮಾಡುವುದಕ್ಕೂ ಕಾರಣ ಅದೇ.

ಕೆಂಪು ಓಕ್: ನೋಡಲು ಚೆಂದ, ಗಟ್ಟಿ, ಬೆಲೆಯೂ ಕಡಿಮೆ. ಆದರೆ ಕೊಳವೆಗಳು ತೆರೆದಿರುತ್ತವೆ; ಮಳೆಯಲ್ಲಿ ನಿಲ್ಲುವ ಗಾಡಿಗೆ ಬೇಡ. ಅಂಗಡಿಯಲ್ಲಿ ಬರೀ ಓಕ್ ಎಂದು ಕೊಟ್ಟರೆ ಯಾವುದೆಂದು ಹೀಗೆ ಪರೀಕ್ಷಿಸಿ: ಎರಡು ಮೂರು ಇಂಚು ಉದ್ದದ ತುಂಡಿನ ಒಂದು ಕೊಯ್ದ ತುದಿಯನ್ನು ಸೋಪು ನೀರಿನಲ್ಲಿ ಅದ್ದಿ, ಇನ್ನೊಂದು ತುದಿಗೆ ಬಾಯಿಟ್ಟು ಊದಿ. ನೀರಿನಲ್ಲಿ ಗುಳ್ಳೆ ಎದ್ದರೆ ಅದು ಕೆಂಪು ಓಕ್. ನಿಮ್ಮ ಉಸಿರು ಮರವನ್ನು ದಾಟಿಹೋಗುತ್ತಿದೆ! ಉಸಿರು ಹೋಗುವ ದಾರಿಯಲ್ಲಿ ನೀರೂ ಹೋಗುತ್ತದೆ.

ಡೆಕ್ ಕಟ್ಟಲು ಮಾರುವ, ಔಷಧಿ ಕುಡಿಸಿದ ಮರದ ಬಗ್ಗೆಯೂ ಕೇಳುವವರಿದ್ದಾರೆ. ಕೊಳೆಯದು ನಿಜ. ಆದರೆ ಅಂಗಡಿಯಿಂದ ತರುವಾಗ ಅದು ಹಸಿಯಾಗಿರುತ್ತದೆ, ಒಣಗುತ್ತಾ ಕುಗ್ಗಿ ತಿರುಚುತ್ತದೆ. ಅದರಲ್ಲಿರುವ ತಾಮ್ರ ಸಾಮಾನ್ಯ ಉಕ್ಕಿನ ಬೋಲ್ಟು, ಪಟ್ಟಿಗಳನ್ನು ತಿನ್ನುತ್ತದೆ. ಬಳಸಲೇಬೇಕೆಂದರೆ ಪೂರ್ತಿ ಒಣಗಿಸಿ, ಸ್ಟೇನ್‌ಲೆಸ್ ಬೋಲ್ಟು ಹಾಕಿ.

ಯಾವ ಮರವಾದರೂ ಒಲೆಯಲ್ಲಿ ಒಣಗಿಸಿದ್ದಿರಲಿ. ತಂದ ಕೂಡಲೇ ಕತ್ತರಿಸಬೇಡಿ. ಹಲಗೆಗಳ ನಡುವೆ ಸಣ್ಣ ರಿಪೀಸು ಇಟ್ಟು, ಎಲ್ಲ ಕಡೆಯಿಂದಲೂ ಗಾಳಿಯಾಡುವಂತೆ ಗ್ಯಾರೇಜಿನಲ್ಲಿ ಒಂದೆರಡು ವಾರ ಬಿಡಿ. ಮನೆಯೊಳಗಿನ ಮರದ ತೇವಾಂಶ ಆರಿಜೋನಾದಂಥ ಒಣ ನಾಡಿನಲ್ಲಿ ಸರಾಸರಿ ಶೇಕಡಾ 6 ಇದ್ದರೆ, ದಕ್ಷಿಣದ ತೇವದ ಕರಾವಳಿಯಲ್ಲಿ 11ರ ಆಸುಪಾಸು. ಬೇರೆ ರಾಜ್ಯದಿಂದ ಬಂದ ಹಲಗೆ ನಿಮ್ಮೂರಿನ ಗಾಳಿಗೆ ಹೊಂದಿಕೊಳ್ಳಲಿ.

ಭಾರತದಲ್ಲೂ ಇಂಥ ಗಾಡಿ ಸಿಕ್ಕೀತು. ಜನರಲ್ ಮೋಟಾರ್ಸ್ ಕಂಪನಿ 1928ರಿಂದ 1954ರವರೆಗೆ ಮುಂಬೈಯ ಶಿವಡಿಯಲ್ಲಿ ಶೆವ್ರೊಲೆ ಕಾರು, ಟ್ರಕ್ಕುಗಳನ್ನು ಜೋಡಿಸುತ್ತಿತ್ತು. ಕರ್ನಾಟಕದಲ್ಲಿ ಅಂಥದ್ದನ್ನು ಇಟ್ಟುಕೊಂಡವರು ಓಕ್ ಹುಡುಕಿಕೊಂಡು ಹೋಗಬೇಕಿಲ್ಲ. ಚೆನ್ನಾಗಿ ಬಲಿತು ಒಣಗಿದ ತೇಗ ಓಕ್‌ಗಿಂತ ಕಡಿಮೆ ಹಿಗ್ಗುತ್ತದೆ, ಗೆದ್ದಲಿಗೂ ಜಗ್ಗದು.

ಹಳೆಯದನ್ನು ಬಿಚ್ಚುವುದು

1. ಮೊದಲು ಫೋಟೊ, ಆಮೇಲೆ ಸ್ಪ್ಯಾನರ್. ಮೇಲಿನಿಂದ, ಕೆಳಗಿನಿಂದ, ಪ್ರತಿ ಅಡ್ಡತೊಲೆಯ ಬಳಿ, ಮುಂದಿನ ತಗಡಿಗೆ ಹಲಗೆ ಸೇರುವ ಜಾಗ, ಟೇಲ್‌ಗೇಟ್ ಬಳಿಯ ಜಾಗ. ಎಷ್ಟು ತೆಗೆದರೂ ಹೆಚ್ಚಲ್ಲ.

2. ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕು, ಪೈಪು, ಬ್ರೇಕಿನ ಪೈಪು, ವೈರು ಎಲ್ಲೆಲ್ಲಿವೆ ಎಂದು ಗಾಡಿಯ ಕೆಳಗೆ ಮಲಗಿ ನೋಡಿಕೊಳ್ಳಿ. ಕೆಲವು ಗಾಡಿಗಳಲ್ಲಿ ಟ್ಯಾಂಕು ತೊಟ್ಟಿಯ ಕೆಳಗೇ ಇರುತ್ತದೆ.

3. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಹಾಗಿದ್ದರೂ ಕ್ಯಾರೇಜ್ ಬೋಲ್ಟುಗಳು ಸುಲಭವಾಗಿ ಬರುವುದಿಲ್ಲ. ಅವುಗಳ ತಲೆಯ ಕೆಳಗಿನ ಚೌಕ ಕುತ್ತಿಗೆ ಪಟ್ಟಿಯ ಚೌಕ ತೂತಿನಲ್ಲಿ ಕೂತು ತಿರುಗದಂತೆ ತಡೆಯಬೇಕು. ತುಕ್ಕು ಹಿಡಿದ ಪಟ್ಟಿಯಲ್ಲಿ ತೂತು ದುಂಡಗಾಗಿರುತ್ತದೆ, ನಟ್ಟು ತಿರುಗಿಸಿದರೆ ಬೋಲ್ಟೂ ಜೊತೆಗೆ ತಿರುಗುತ್ತದೆ. ಅಂಥವನ್ನು ಕತ್ತರಿಸುವುದೊಂದೇ ದಾರಿ. ನಟ್ಟು ಸೀಳುವ ಸಾಧನ ಸಿಕ್ಕಿದರೆ ಅದನ್ನೇ ಬಳಸಿ. ಗ್ರೈಂಡರ್ ಹಿಡಿದರೆ ಕಿಡಿ ಹಾರುತ್ತದೆ. ಟ್ಯಾಂಕು ಕೆಳಗಿದ್ದರೆ ಅದನ್ನು ಇಳಿಸಿ ದೂರ ಇಡದೆ ಗ್ರೈಂಡರ್ ಮುಟ್ಟಬೇಡಿ.

4. ಕೊಳೆತ ಹಲಗೆಯನ್ನು ಎಸೆಯಬೇಡಿ. ನಿಮ್ಮ ಗಾಡಿಯ ನಿಜವಾದ ನಕ್ಷೆ ಅದು. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಎಡದಿಂದ ಸಂಖ್ಯೆ ಬರೆದು, ಮುಂದಿನ ತುದಿ ಯಾವುದೆಂದು ಗುರುತು ಹಾಕಿ ಜೋಡಿಸಿಡಿ. ಅಗಲ, ದಪ್ಪ, ಕಚ್ಚಿನ ಆಳ, ಚಾಸಿ ಬೋಲ್ಟಿನ ತೂತು ಎಲ್ಲವನ್ನೂ ಅದರಿಂದಲೇ ತೆಗೆದುಕೊಳ್ಳಬೇಕು. ದಪ್ಪ ಸಾಮಾನ್ಯವಾಗಿ ಮುಕ್ಕಾಲು ಇಂಚು ಇರುತ್ತದೆ; ಆದರೆ ನಡುವೆ ಯಾರಾದರೂ ಬದಲಾಯಿಸಿದ್ದರೆ ನಂಬುವಂತಿಲ್ಲ. ಪಟ್ಟಿಯ ಕೆಳಗೆ ಮಳೆಗಾಳಿ ತಾಗದೆ ಉಳಿದ ಭಾಗವನ್ನು ಅಳೆಯಿರಿ.

5. ನೆಲ ಬಿಚ್ಚಿದ ಮೇಲೆ ಅಡ್ಡತೊಲೆಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಸದ್ದು ಬಂದರೆ ತಂತಿ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಹೊಡೆದು ಬಣ್ಣ ಬಳಿಯಿರಿ. ಬೋಲ್ಟಿನ ತೂತಿನ ಸುತ್ತ ತೆಳುವಾಗಿದ್ದರೆ ಹೊಸದು ಹಾಕಿ. ತುಕ್ಕು ತಿಂದ ತೊಲೆಯ ಮೇಲೆ ಎಂಥ ಒಳ್ಳೆಯ ಓಕ್ ಹಾಸಿದರೂ ಹಣ ದಂಡ. ತೊಲೆಗೂ ಚಾಸಿಗೂ ನಡುವೆ ಇರುವ ಮರದ ತುಂಡುಗಳನ್ನೂ ಆಗಲೇ ಬದಲಾಯಿಸಿಬಿಡಿ.

ಎಚ್ಚರಿಕೆ: ಹಳೆಯ ಗಾಡಿಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜುವಾಗ ಒಳ್ಳೆಯ ಮಾಸ್ಕ್, ಕನ್ನಡಕ ಹಾಕಿ. ಮಕ್ಕಳು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ. 2003ಕ್ಕಿಂತ ಮುಂಚೆ ಯಾರೋ ಹಾಕಿದ, ಔಷಧಿ ಕುಡಿಸಿದ ಹಸಿರು ಛಾಯೆಯ ಹಲಗೆ ಇದ್ದರೆ ಅದರಲ್ಲಿ ಆರ್ಸೆನಿಕ್ ಇರುವ ಸಂಭವವಿದೆ. ಅದನ್ನು ಉಜ್ಜಬೇಡಿ, ಸೌದೆಯಾಗಿ ಸುಡಲೇಬೇಡಿ.

ಒಮ್ಮೆ ಹಾಗೇ ಜೋಡಿಸಿ ನೋಡಿ

ಬಣ್ಣಕ್ಕೂ ವಾರ್ನಿಷ್ಷಿಗೂ ಮೊದಲು ಪೂರ್ತಿ ನೆಲವನ್ನು ಒಂದು ಸಲ ಬರಿಯ ಮರದಲ್ಲಿ ಜೋಡಿಸಿ ನೋಡಬೇಕು. ಅವಸರದಲ್ಲಿ ಇದನ್ನು ಬಿಟ್ಟವರು ವಾರ್ನಿಷ್ ಒಣಗಿದ ಹಲಗೆಗೆ ಗರಗಸ ಹಾಕುವ ಸ್ಥಿತಿ ತಂದುಕೊಳ್ಳುತ್ತಾರೆ. ಆಗ ತೆರೆದುಕೊಳ್ಳುವ ಹಸಿ ತುದಿಯೇ ಮುಂದೆ ಕೊಳೆಯುವ ಜಾಗ.

ಮೊದಲು ತೊಟ್ಟಿ ಚೌಕವಾಗಿದೆಯೇ ನೋಡಿ. ಅಡ್ಡತೊಲೆ, ಮುಂದಿನ ತಗಡು, ಎರಡು ಪಕ್ಕದ ತಗಡುಗಳನ್ನು ಕೈಬಿಗಿತದಲ್ಲಿ ಕೂರಿಸಿ, ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಟೇಪು ಹಿಡಿಯಿರಿ. ಎರಡು ಅಳತೆಗಳ ವ್ಯತ್ಯಾಸ 3 ಮಿಲಿಮೀಟರಿನ ಒಳಗೆ ಇರಲಿ. ಎಷ್ಟೋ ವರ್ಷ ದುಡಿದ ತೊಟ್ಟಿ ಒಂದು ಮೂಲೆಗೆ ವಾಲಿರುವುದು ಸಾಮಾನ್ಯ. ಈಗ ಸರಿಪಡಿಸದಿದ್ದರೆ ಕೊನೆಯ ಹಲಗೆ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯಲ್ಲಿ ಕೂರುವುದಿಲ್ಲ.

ಹಲಗೆಗಳನ್ನು ಮಧ್ಯದಿಂದ ಪಕ್ಕಕ್ಕೆ ಹಾಸುತ್ತಾ ಹೋಗಿ. ಪಕ್ಕದ ತಗಡಿಗೆ ತಾಗುವ ಕೊನೆಯ ಹಲಗೆಗಳನ್ನು ಅಲ್ಲಿರುವ ಆಂಗಲ್ ಪಟ್ಟಿ ಹಿಡಿಯುತ್ತದೆ. ಅಗಲ ಹೆಚ್ಚಾದರೆ ಈ ಎರಡು ಹಲಗೆಗಳಲ್ಲೇ ಸಮವಾಗಿ ಕಡಿಮೆ ಮಾಡಿ; ಮಧ್ಯದವನ್ನು ಮುಟ್ಟಬೇಡಿ, ಪಟ್ಟಿಯ ಸಾಲು ಅಡ್ಡತೊಲೆಯ ತೂತಿಗೆ ಹೊಂದದೆ ಹೋಗುತ್ತದೆ. ಬೋಲ್ಟು ಸಂದಿನಲ್ಲಿ ಇಳಿದಾಗ ಎರಡೂ ಪಕ್ಕ ಒಂದಿಷ್ಟು ಜಾಗ ಉಳಿದಿರಬೇಕು. ಒಣ ಚಳಿಗಾಲದಲ್ಲಿ ಕೆಲಸ ಮಾಡುತ್ತಿದ್ದರೆ ಹಲಗೆ ಕುಗ್ಗಿದ ಸ್ಥಿತಿಯಲ್ಲಿದೆ, ಸಂದು ಧಾರಾಳವಾಗಿರಲಿ. ಸೆಖೆಯ, ತೇವದ ಬೇಸಿಗೆಯಾದರೆ ಆಗಲೇ ಹಿಗ್ಗಿರುತ್ತದೆ, ಸ್ವಲ್ಪ ಕಡಿಮೆಯಾದರೂ ನಡೆದೀತು. ಎರಡು ಸಂದರ್ಭದಲ್ಲೂ ಪಟ್ಟಿ ಹಲಗೆಯ ಅಂಚಿನ ಮೇಲೆ ಸಾಕಷ್ಟು ಕೂತಿದೆಯೇ ನೋಡಿಕೊಳ್ಳಿ.

ತೊಟ್ಟಿಯನ್ನು ಚಾಸಿಗೆ ಹಿಡಿಯುವ ದೊಡ್ಡ ಬೋಲ್ಟುಗಳ ಮಾತು ಬೇರೆ. ಅವು ಹಲಗೆಯ ಮೂಲಕವೇ ಹಾಯುತ್ತವೆ. ಅಂಗಡಿಯ ಹಲಗೆಗಳಲ್ಲಿ ಈ ತೂತು ಬಹುಮಟ್ಟಿಗೆ ಕೊರೆದಿರುವುದಿಲ್ಲ, ನೀವೇ ಕೊರೆಯಬೇಕು. ಹಲಗೆ ಸ್ಥಾನದಲ್ಲಿರುವಾಗ ಕೆಳಗಿನಿಂದ, ಚಾಸಿಯ ತೂತಿನ ಮೂಲಕ ಗುರುತು ಹಾಕಿ. ತೂತು ಬೋಲ್ಟಿಗಿಂತ ದೊಡ್ಡದಿರಲಿ, ಮೇಲೆ ಅಗಲವಾದ ವಾಷರ್ ಬರಲಿ. ಇಡೀ ನೆಲದಲ್ಲಿ ಬೋಲ್ಟು ಮರವನ್ನು ತೂರುವ ಜಾಗಗಳು ಇವು ಮಾತ್ರ. ಇಲ್ಲಿ ಬಿಗಿಯಾದ ತೂತು ಕೊರೆದರೆ ಹಲಗೆ ಅಲ್ಲಿಂದಲೇ ಸೀಳುತ್ತದೆ.

ಬಣ್ಣವೋ, ವಾರ್ನಿಷ್ಷೋ, ಎಣ್ಣೆಯೋ?

ಹೆಚ್ಚು ಜನ ಎಡವುವುದು ಈ ಹಂತದಲ್ಲಿ. ಕಣ್ಣಿಗೆ ಕಾಣುವ ಮೇಲ್ಮುಖಕ್ಕೆ ಐದಾರು ಕೋಟು ವಾರ್ನಿಷ್, ಕಾಣದ ಕೆಳಮುಖಕ್ಕೆ ಏನೂ ಇಲ್ಲ. ಚಕ್ರ ಎರಚುವ ನೀರು ತಾಗುವುದು ಕೆಳಮುಖಕ್ಕೆ. ಅದು ತೇವ ಕುಡಿದು ಹಿಗ್ಗುತ್ತದೆ, ಮುಚ್ಚಿದ ಮೇಲ್ಮುಖ ಹಿಗ್ಗುವುದಿಲ್ಲ. ಆಗ ಹಲಗೆಯ ಅಂಚುಗಳು ಮೇಲಕ್ಕೆ ಬಾಗಿ, ಪಟ್ಟಿಯನ್ನೇ ಎತ್ತುತ್ತವೆ. ಯಾವ ಲೇಪವಾದರೂ ಸರಿ, ಆರೂ ಮುಖಕ್ಕೆ ಒಂದೇ ಸಮ ಕೊಡಿ.

ಅದರಲ್ಲೂ ತುದಿಗಳಿಗೆ ಹೆಚ್ಚು ಕೊಡಿ. ಮರ ಬದುಕಿದ್ದಾಗ ನೀರನ್ನು ಮೇಲೆ ಸಾಗಿಸಿದ ಕೊಳವೆಗಳೆಲ್ಲ ಬಾಯಿ ತೆರೆದಿರುವುದು ಕೊಯ್ದ ತುದಿಯಲ್ಲಿ. ಮೊದಲ ಕೋಟನ್ನು ತೆಳುಮಾಡಿ ಹಚ್ಚಿದರೆ ತುದಿ ಅದನ್ನು ಕಣ್ಣೆದುರೇ ಹೀರಿಕೊಂಡು ಮತ್ತೆ ಒಣಗಿದಂತೆ ಕಾಣುತ್ತದೆ. ಹೀರುವುದು ನಿಲ್ಲುವವರೆಗೆ ಹಚ್ಚುತ್ತಲೇ ಇರಿ. ಚಾಸಿ ಬೋಲ್ಟಿಗೆ ಕೊರೆದ ತೂತಿನ ಒಳಗೋಡೆಯನ್ನೂ ಮರೆಯಬೇಡಿ.

ಬಣ್ಣ: ಮಳೆ ಬಿಸಿಲು ಎರಡರಿಂದಲೂ ಹೆಚ್ಚು ರಕ್ಷಣೆ ಕೊಡುವುದು ಇದೇ. ಬಿಸಿಲಿನ ನೇರಳಾತೀತ ಕಿರಣ ಮರವನ್ನು ಮುಟ್ಟುವುದೇ ಇಲ್ಲ.

ಪಾರದರ್ಶಕ ವಾರ್ನಿಷ್: ದೋಣಿಗಳಿಗೆ ಬಳಸುವ, ನೇರಳಾತೀತ ಕಿರಣ ತಡೆಯುವ ಬಗೆಯದ್ದನ್ನೇ ಕೊಳ್ಳಿ. ಮನೆಯೊಳಗಿನ ಮೇಜಿಗೆ ಹಚ್ಚುವ ವಾರ್ನಿಷ್ ಹೊರಗೆ ನಿಲ್ಲುವುದಿಲ್ಲ. ಕಿರಣ ಅದನ್ನು ದಾಟಿ ಮರದ ಮೇಲ್ಪದರವನ್ನು ಕೆಡಿಸುತ್ತದೆ, ಹಿಡಿತ ತಪ್ಪಿದ ವಾರ್ನಿಷ್ ಸುಲಿಯುತ್ತದೆ. ಹಲಗೆಯನ್ನು 120 ಅಥವಾ 150ರ ಉಪ್ಪುಕಾಗದದಲ್ಲಿ ಉಜ್ಜಿದರೆ ಸಾಕು. ಗಾಜಿನಂತೆ ನುಣುಪು ಮಾಡಿದರೆ ಮೊದಲ ಕೋಟು ಕಚ್ಚುವುದಿಲ್ಲ. ಕೋಟುಗಳ ನಡುವೆ 220. ಎಷ್ಟು ಕೋಟು, ನಡುವೆ ಎಷ್ಟು ಹೊತ್ತು ಎಂಬುದಕ್ಕೆ ಡಬ್ಬಿಯ ಮೇಲಿನ ಸೂಚನೆಯೇ ಪ್ರಮಾಣ. ಒಂದು ಕಡೆ ಗೀರು ಬಿದ್ದರೂ ನೀರು ಒಳಗೆ ಇಳಿದು ಸುತ್ತ ಹರಡುವುದರಿಂದ, ಸಾಮಾನು ಎಳೆದಾಡುವ ಗಾಡಿಗೆ ನಾನು ಇದನ್ನು ಹೇಳುವುದಿಲ್ಲ.

ಎಣ್ಣೆ: ಹೊಳಪು ಕಡಿಮೆ, ಆಯುಸ್ಸೂ ಕಡಿಮೆ. ಆದರೆ ಸುಲಿಯುವುದಿಲ್ಲ, ವರ್ಷಕ್ಕೊಮ್ಮೆ ತೊಳೆದು ಒಣಗಿಸಿ ಇನ್ನೊಂದು ಕೈ ಹಚ್ಚಿದರೆ ಮುಗಿಯಿತು.

ಎಚ್ಚರಿಕೆ: ಅಗಸೆ ಎಣ್ಣೆ ಅಥವಾ ಅದು ಬೆರೆತ ಲೇಪ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಲೇಬೇಡಿ. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ಬಿಸಿ ಹುಟ್ಟಿಸುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ಬೆಂಕಿಯ ಹತ್ತಿರವೂ ಇರದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಗ್ಯಾರೇಜುಗಳೇ ಸುಟ್ಟುಹೋಗಿವೆ. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಕೂರಿಸುವುದು

ಇಬ್ಬರು ಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ, ಚಕ್ರಕ್ಕೆ ಅಡ್ಡ ಕೊಟ್ಟಿರಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಕೂಡದು, ಸ್ಟ್ಯಾಂಡ್ ಕೊಟ್ಟಿರಲೇಬೇಕು.

1. ಉಕ್ಕಿನ ಪಟ್ಟಿಗೆ ಕೆಳಮುಖದಲ್ಲೂ ಬಣ್ಣ ಬಳಿದು ಒಣಗಿಸಿ. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಅಂಶವಿದೆ. ನೀರಿನ ಜೊತೆ ಬರಿಯ ಕಬ್ಬಿಣ ಅದಕ್ಕೆ ತಾಗಿದರೆ ಮರ ಶಾಯಿ ಚೆಲ್ಲಿದಂತೆ ಕಪ್ಪಾಗುತ್ತದೆ. ಸ್ಟೇನ್‌ಲೆಸ್ ಪಟ್ಟಿ, ಬೋಲ್ಟು ಹಾಕಿದರೆ ಈ ಚಿಂತೆ ಇಲ್ಲ. ಓಕ್ ಹಲಗೆಯನ್ನು ಉಕ್ಕಿನ ನಾರಿನಿಂದ ಉಜ್ಜಬಾರದು ಎನ್ನುವುದೂ ಇದಕ್ಕೇ.

2. ಜೋಡಿಸಿ ನೋಡಿದಾಗ ಹಾಕಿದ ಸಂಖ್ಯೆಯಂತೆ ಹಲಗೆಗಳನ್ನು ಹಾಸಿ, ಪಟ್ಟಿ ಇಟ್ಟು, ಎಲ್ಲ ಬೋಲ್ಟುಗಳನ್ನೂ ಇಳಿಸಿ. ವಾಷರ್, ಲಾಕ್ ವಾಷರ್, ನಟ್ಟು ಹಾಕಿ ಕೈಯಲ್ಲಿ ತಿರುಗುವಷ್ಟೇ ತಿರುಗಿಸಿ. ಕೊನೆಯ ಬೋಲ್ಟು ಇಳಿಯುವವರೆಗೆ ಒಂದನ್ನೂ ಬಿಗಿಯಬೇಡಿ.

3. ಸ್ಟೇನ್‌ಲೆಸ್ ಬೋಲ್ಟಿನ ಮರೆಗೆ ಸೀಜ್ ಆಗದಂತೆ ತಡೆಯುವ ಗ್ರೀಸು ಸವರಿ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ವೇಗವಾಗಿ ತಿರುಗಿದರೆ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಕತ್ತರಿಸದೆ ಬರುವುದಿಲ್ಲ. ಪವರ್ ಟೂಲ್ ಪಕ್ಕಕ್ಕಿಟ್ಟು ಕೈ ಸ್ಪ್ಯಾನರ್ ಬಳಸಿ.

4. ಮತ್ತೊಮ್ಮೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಟೇಲ್‌ಗೇಟ್ ಹಾಕಿ ಮುಚ್ಚಿ ನೋಡಿ. ಎರಡೂ ಕಡೆ ಸಂದು ಸಮವಾಗಿರಬೇಕು.

5. ಈಗ ಮಧ್ಯದ ಪಟ್ಟಿಯಿಂದ ಶುರುಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಗೆ ಸರಿಯುತ್ತಾ ಬಿಗಿಯಿರಿ. ಎಷ್ಟು ಬಿಗಿಯಬೇಕು? ಹಲಗೆ ಗಡಗಡ ಎನ್ನಬಾರದು, ಲಾಕ್ ವಾಷರ್ ಚಪ್ಪಟೆಯಾಗಿರಬೇಕು, ಅಷ್ಟಕ್ಕೆ ನಿಲ್ಲಿಸಿ. ಬೋಲ್ಟಿನ ಸುತ್ತ ಪಟ್ಟಿ ಕುಳಿ ಬೀಳಲು ಶುರುವಾದರೆ ಮಿತಿ ಮೀರಿತು ಎಂದು ಅರ್ಥ. ದೀಪವನ್ನು ಪಟ್ಟಿಯ ಮಟ್ಟಕ್ಕೆ ಹಿಡಿದು ಒಂದು ತುದಿಯಿಂದ ನೋಡಿದರೆ ಕುಳಿ ಕೂಡಲೇ ಕಾಣುತ್ತದೆ.

6. ಚಾಸಿಯ ಬೋಲ್ಟುಗಳು ಕೊನೆಗೆ.

ಸಾಮಾನ್ಯ ತಪ್ಪುಗಳು

ಸಂದಿಗೆ ಸಿಲಿಕೋನ್ ತುಂಬುವುದು. ನೀರು ಇಳಿಯದಿರಲಿ ಎಂಬ ಸದುದ್ದೇಶ. ಆದರೆ ಇದು ದೋಣಿಯಲ್ಲ. ಬಿದ್ದ ನೀರು ಸಂದಿನಿಂದ ಕೆಳಗೆ ಸುರಿದು ಹೋಗಬೇಕು, ಗಾಳಿಯಾಡಿ ಒಣಗಬೇಕು. ಸಿಲಿಕೋನ್ ನೀರನ್ನು ಒಳಗೇ ಹಿಡಿದಿಡುತ್ತದೆ, ಹಲಗೆ ಹಿಗ್ಗುವ ಜಾಗವನ್ನೂ ಕಿತ್ತುಕೊಳ್ಳುತ್ತದೆ.

ಸದ್ದು ಬರದಿರಲೆಂದು ಹಲಗೆಯನ್ನು ಅಡ್ಡತೊಲೆಗೆ ಸ್ಕ್ರೂ ಹೊಡೆಯುವುದು ಅಥವಾ ಅಂಟಿಸುವುದೂ ಅದೇ ಜಾತಿಯ ತಪ್ಪು. ಸದ್ದು ಬಂದರೆ ಪಟ್ಟಿಯ ನಟ್ಟು ನೋಡಿ.

ಗುಟ್ಟಾಗಿ ಹಾನಿ ಮಾಡುವುದು ಪ್ಲಾಸ್ಟಿಕ್ ಟಾರ್ಪಾಲು. ಒದ್ದೆ ನೆಲದ ಮೇಲೆ ಟಾರ್ಪಾಲು ಬಿಗಿದು ಕಟ್ಟಿದರೆ ಬಿಸಿಲಿಗೆ ಒಳಗೆ ಹಬೆಯಾಡುತ್ತದೆ. ರಬ್ಬರ್ ಮ್ಯಾಟ್ ಹಾಸಿದವರ ನೆಲ ಬೇಗ ಕೊಳೆಯುವುದೂ ಹೀಗೆಯೇ. ಹೊರೆ ಹೇರುವಾಗ ಮ್ಯಾಟ್ ಹಾಕಿ, ಇಳಿಸಿದ ಮೇಲೆ ತೆಗೆದುಬಿಡಿ.

ಹಲಗೆ ಬಂದ ದಿನವೇ ಕೂರಿಸುವುದು, ಹಳೆಯ ಬೋಲ್ಟುಗಳನ್ನೇ ಮತ್ತೆ ಹಾಕುವುದು, ಬೇರೆ ವರ್ಷದ ಮಾದರಿಯ ಪಟ್ಟಿ ತರಿಸುವುದು: ಇವುಗಳ ಫಲ ಏನೆಂದು ಬಿಡಿಸಿ ಹೇಳಬೇಕಿಲ್ಲ. ತರಿಸುವ ಮುಂಚೆ ಪಟ್ಟಿಯ ತೂತಿನಿಂದ ತೂತಿಗೆ ಇರುವ ಅಂತರವನ್ನು ನಿಮ್ಮ ಅಡ್ಡತೊಲೆಗೆ ಹಿಡಿದು ತಾಳೆ ನೋಡಿ.

ಆಮೇಲಿನ ಆರೈಕೆ

ಮೊದಲ ವರ್ಷ, ಒಂದು ಒಣ ಕಾಲ ಒಂದು ತೇವದ ಕಾಲ ಕಳೆದ ಮೇಲೆ, ಎಲ್ಲ ನಟ್ಟುಗಳನ್ನೂ ಒಮ್ಮೆ ಮುಟ್ಟಿ ನೋಡಿ. ಹಲಗೆ ಕುಗ್ಗಿ ಕೆಲವು ಸಡಿಲವಾಗಿರುತ್ತವೆ. ಮೂಲೆಗಳಲ್ಲಿ ಒದ್ದೆ ಎಲೆ ಸೇರದಂತೆ ಗುಡಿಸಿ. ತೊಟ್ಟಿಯ ಮುಂದಿನ ಎರಡು ಮೂಲೆ ಮತ್ತು ಟೇಲ್‌ಗೇಟ್ ಪಕ್ಕದ ತುದಿ, ಕೊಳೆಯುವುದು ಶುರುವಾಗುವುದು ಇಲ್ಲೇ. ಹಿಮಕ್ಕೆ ರಸ್ತೆಗಳಲ್ಲಿ ಉಪ್ಪು ಸುರಿಯುವ ರಾಜ್ಯಗಳಲ್ಲಿರುವವರು ಚಳಿಗಾಲ ಮುಗಿದ ಕೂಡಲೇ ಕೆಳಗಿನಿಂದ ಸಿಹಿನೀರಿನಲ್ಲಿ ತೊಳೆಯಿರಿ. ವಾರ್ನಿಷ್ ಹಚ್ಚಿದ ನೆಲದಲ್ಲಿ ಗೀರು ಕಂಡರೆ ಆ ವಾರವೇ ಉಜ್ಜಿ ಒಂದು ಕೋಟು ಕೊಡಿ, ಮುಂದಿನ ವರ್ಷಕ್ಕೆ ಬಿಡಬೇಡಿ.

ಒಂದು ಹಲಗೆ ಕೆಟ್ಟರೆ ಇಡೀ ನೆಲ ಕೀಳಬೇಕಿಲ್ಲ. ಅದರ ಎರಡು ಪಕ್ಕದ ಪಟ್ಟಿ ಬಿಚ್ಚಿ ಆ ಹಲಗೆಯೊಂದನ್ನೇ ಬದಲಾಯಿಸಬಹುದು. ಹೊಸ ನೆಲ ಕೂರಿಸುವಾಗಲೇ ಒಂದು ಹಲಗೆ ಹೆಚ್ಚಿಗೆ ಕತ್ತರಿಸಿ, ಲೇಪ ಕೊಟ್ಟು ಗ್ಯಾರೇಜಿನ ಅಟ್ಟದ ಮೇಲೆ ಇಟ್ಟುಕೊಳ್ಳಿ.